ಎಗ್ಲಾಂತೀನಿನ ತಳ

ಕಾಂಬ್ರೆಯ ಕಾಲುವೆಯ ಮೇಲೆ ಬದುಕುವವರಲ್ಲಿ ಮನುಷ್ಯರಿಗೆ ಬೇರೆಯಾಗಿ ಹೆಸರಿಡುವ ಚಾಳಿ ಅಷ್ಟಾಗಿ ಇಲ್ಲ. ಇದೆ, ಚರ್ಚಿನ ದಪ್ಪ ಪುಸ್ತಕದಲ್ಲಿದೆ, ಸರಕಾರದ ಕಾಗದದಲ್ಲಿದೆ. ಆದರೆ ದಡದಲ್ಲಿ ನಿಂತು ಕೂಗುವಾಗ ಅದು ಯಾರ ಬಾಯಿಗೂ ಬರುವುದಿಲ್ಲ. ದೋಣಿಯ ಹೆಸರೇ ಅದರಲ್ಲಿರುವವರ ಹೆಸರು. ಜೇಲಿ ಡೆಲ್ಕಾಂಬ್ರ್ ಎಂಬ ಹೆಂಗಸು ಹುಟ್ಟಿದ್ದು ಅಪ್ಪನ ದೋಣಿ ‘ಪೆತಿತ್ ಮಾರ್ತ್’ನಲ್ಲಿ, ಹಾಗಾಗಿ ಇಪ್ಪತ್ತು ವರ್ಷ ಅವಳು ಪೆತಿತ್ ಮಾರ್ತ್ ಆಗಿದ್ದಳು. ಯುದ್ಧ ಮುಗಿದ ವರ್ಷ ಆಶಿಲನನ್ನು ಮದುವೆಯಾಗಿ, ಚರ್ಚಿಗೆ ಹೋಗಿಬಂದದ್ದು ಬಿಟ್ಟರೆ ನೆಲ ತುಳಿಯದೆ, ಒಂದು ದೋಣಿಯಿಂದ ಇನ್ನೊಂದಕ್ಕೆ ಹಾಸಿದ ಹಲಗೆಯ ಮೇಲೆ ನಡೆದು ಬಂದಳು. ಆವತ್ತಿನಿಂದ ಎಗ್ಲಾಂತೀನ್ ಆದಳು. ಈಗ ತೊಂಬತ್ತಾರನೇ ಇಸವಿ, ಅವಳಿಗೆ ಎಪ್ಪತ್ತೊಂದು. ವಯಸ್ಸಿಗೆ ಮರ್ಯಾದೆ ಕೊಟ್ಟು ದಡದ ಕೆಲವರು ಜೇಲಿಯಮ್ಮ ಅನ್ನುತ್ತಾರೆ. ನೀರಿನವರು ಮಾತ್ರ ಇವತ್ತಿಗೂ ಎಗ್ಲಾಂತೀನ್ ಎಂದೇ ಕೂಗುತ್ತಾರೆ.

ಎಗ್ಲಾಂತೀನ್ ಮೂವತ್ತೆಂಟು ಮೀಟರ್ ಉದ್ದದ ಕಬ್ಬಿಣದ ದೋಣಿ. ಮೂಗಿನ ಎರಡೂ ಬದಿಗೆ ಹೆಸರು, ಅಕ್ಕಪಕ್ಕ ಆ ಹೆಸರಿನ ಅರ್ಥವೇ ಆದ ಬೇಲಿಗುಲಾಬಿಯ ಚಿತ್ರ. ಅದನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುವವಳು ಜೇಲಿಯಮ್ಮನೇ. ಗೋಧಿ, ಕಲ್ಲಿದ್ದಲು, ಮರಳು, ಬೀಟ್ ಸಕ್ಕರೆ ಎಲ್ಲವನ್ನೂ ಹೊತ್ತ ದೋಣಿ ಅದು. ಮೂರು ವರ್ಷದ ಹಿಂದೆ ಆಶಿಲ್ ತೀರಿಕೊಂಡ. ಅಷ್ಟರಲ್ಲಿ ಸರಕೂ ಲಾರಿಗಳ ಪಾಲಾಗಿತ್ತು. ಲೀಲ್‌ನಲ್ಲಿ ಊಟದ ಹೋಟೆಲು ನಡೆಸುತ್ತಿದ್ದ ಬೆರ್ತ್ರಾನ್ ಎಂಬ ನಲವತ್ತರ ಗಂಡಸು ಬಂದು ದೋಣಿಯನ್ನು ಕೊಂಡುಕೊಂಡ. ಗೋಧಿ ತುಂಬುತ್ತಿದ್ದ ಹೊಟ್ಟೆಗೆ ಮರದ ನೆಲ ಹಾಸಿಸಿದ, ಕಿಟಕಿ ಕೊರೆಸಿದ, ಮೇಜು ಕುರ್ಚಿ ಇಡಿಸಿದ. ಭಾನುವಾರ ಭಾನುವಾರ ಪೇಟೆಯವರನ್ನು ಕೂರಿಸಿಕೊಂಡು ಕಾಂಬ್ರೆಯಿಂದ ಮಾರ್ಕ್ವಾನಿಗೆ ಒಂದು ದಿನದ ವಿಹಾರ. ನಡೆದರೆ ಎರಡು ಗಂಟೆಯ ದಾರಿ. ಅದನ್ನು ಇಡೀ ದಿನ ಎಳೆದು, ನಡುವೆ ಊಟ ಹಾಕಿ, ಸಂಜೆ ಬಸ್ಸಿಗೆ ಹತ್ತಿಸಿ ಕಳಿಸುವುದು. ಕಾಗದದ ಮೇಲೆ ದೋಣಿ ನಡೆಸುವವನು ಬೆರ್ತ್ರಾನ್. ಚುಕ್ಕಾಣಿಯ ಮೇಲಿನ ಕೈ ಜೇಲಿಯಮ್ಮನದು. ಅದಕ್ಕೆ ಪ್ರತಿಯಾಗಿ, ದೋಣಿ ಓಡುವಷ್ಟು ಕಾಲ ಹಿಂಬದಿಯ ಕೋಣೆ ಅವಳಿಗೆ. ಹಾಗೆಂದು ಬಾಯಿಮಾತಿನಲ್ಲಿ ಒಪ್ಪಂದವಾಗಿತ್ತು. ಬರೆದುಕೊಡು ಎಂದು ಕೇಳುವುದು ಅವಳಿಗೆ ಹೊಳೆಯಲೇ ಇಲ್ಲ, ನೀರಿನವರಲ್ಲಿ ಯಾರೂ ಕೇಳುವುದಿಲ್ಲ.

ಆ ಕೋಣೆಯನ್ನು ಕೋಣೆ ಎನ್ನುವುದೂ ಹೆಚ್ಚೇ. ಗೋಡೆಯೊಳಗೆ ಸೇರಿಕೊಂಡ ಮಂಚ, ಹಿತ್ತಾಳೆಯ ಅಂಚಿನ ಒಲೆ, ಲೇಸಿನ ಪರದೆ, ಒಲೆಯ ಪಕ್ಕ ಕಲ್ಲಿದ್ದಲ ಪೆಟ್ಟಿಗೆ. ಐವತ್ತೊಂದು ವರ್ಷ ಅವಳು ಬೇರೆಲ್ಲೂ ಮಲಗಿದವಳಲ್ಲ. ತಪ್ಪಿತು, ಒಮ್ಮೆ ಮಲಗಿದ್ದಳು. ಆಶಿಲನ ಮಣ್ಣಾದ ವಾರ ದುವೆಯಲ್ಲಿರುವ ಅಕ್ಕನ ಮಗಳು ಒತ್ತಾಯ ಮಾಡಿ ತನ್ನ ನಾಲ್ಕನೇ ಮಹಡಿಯ ಮನೆಗೆ ಕರೆದೊಯ್ದಿದ್ದಳು. ಮಂಚ ಅಲುಗಾಡದೆ ನಿಂತದ್ದಕ್ಕೇ ಜೇಲಿಯಮ್ಮನಿಗೆ ತಲೆಸುತ್ತು ಬಂದು ವಾಂತಿಯಾಯಿತು. ಐದನೇ ದಿನ ಬುಟ್ಟಿ ಎತ್ತಿಕೊಂಡು ವಾಪಸು ಬಂದುಬಿಟ್ಟಳು. ದೋಣಿ ಹೋದರೆ ಅವಳಿಗೆ ಉಳಿದಿರುವುದು ಆ ನಾಲ್ಕನೇ ಮಹಡಿಯೇ, ಕಾರು ನಿಲ್ಲಿಸುವ ಅಂಗಳದ ಕಡೆಗೆ ತೆರೆಯುವ ಒಂದು ಕಿಟಕಿ.

ಈ ಸೆಪ್ಟೆಂಬರಿನಲ್ಲಿ ದೋಣಿಯ ತಳದ ಸರ್ಟಿಫಿಕೇಟು ಮುಗಿಯುತ್ತಿತ್ತು. ಹೊಸದು ಸಿಕ್ಕರೆ ಇನ್ನು ಹತ್ತು ವರ್ಷ ಓಡಬಹುದು, ಹತ್ತು ವರ್ಷ ಅವಳಿಗೆ ಧಾರಾಳವಾಗಿ ಸಾಕು. ಸಿಗದಿದ್ದರೆ ಗುಜರಿ. ಹೋದ ವಾರ ದೋಣಿಯನ್ನು ರಿಪೇರಿಕಟ್ಟೆಗೆ ಹತ್ತಿಸಿ, ನೀರು ಬಸಿದು, ಹೊರಗಿನಿಂದ ತಗಡಿನ ದಪ್ಪ ಅಳೆದಾಗಿತ್ತು. ಉಳಿದದ್ದು ಕೆಳಗೆ ಕೊಟ್ಟಿದ್ದ ಮರದ ದಿಮ್ಮಿಗಳ ಮೇಲೆ ದೋಣಿ ಕೂತಿದ್ದ ಎರಡೇ ಜಾಗ. ಅಲ್ಲಿಗೆ ಹೊರಗಿನಿಂದ ಅಳೆಯುವ ಯಂತ್ರ ಮುಟ್ಟುವುದಿಲ್ಲ, ಒಳಗಿನಿಂದ ಸುತ್ತಿಗೆ ಬಡಿದು ನೋಡಬೇಕು. ಇನ್ಸ್‌ಪೆಕ್ಟರ್ ಲೊರಿದಾನ್, ಮುಂದಿನ ವರ್ಷ ನಿವೃತ್ತನಾಗುವ ಮಂಡಿನೋವಿನ ಮನುಷ್ಯ, ನಗುತ್ತಾ ಹೇಳಿದ್ದ. “ಭಾನುವಾರ ನಿಮ್ಮ ಜೊತೆಗೇ ಬಂದ್ಬಿಡ್ತೀನಿ ಬಿಡಿ. ನಲವತ್ತು ವರ್ಷ ದೋಣಿ ತಳ ನೋಡಿದ್ದೇ ಆಯ್ತು, ಒಂದು ದಿನ ಮೇಲೆ ಕೂತು ದಡ ನೋಡ್ತೀನಿ.”

ಆ ಎರಡು ಜಾಗಗಳಲ್ಲಿ ಒಂದು ಕಲ್ಲಿದ್ದಲ ಪೆಟ್ಟಿಗೆಯ ಅಡಿಯಲ್ಲಿತ್ತು. ಅಲ್ಲಿ ಏನಿದೆ ಎಂದು ಬದುಕಿರುವವರಲ್ಲಿ ಗೊತ್ತಿದ್ದದ್ದು ಜೇಲಿಯಮ್ಮ ಒಬ್ಬಳಿಗೇ.

ಅರವತ್ತಮೂರರ ಚಳಿಗಾಲದಲ್ಲಿ ಕಾಲುವೆ ಎರಡು ತಿಂಗಳು ಹೆಪ್ಪುಗಟ್ಟಿತ್ತು. ಒನ್ಕೂರಿನ ಹತ್ತಿರ ಹಿಮದ ನಡುವೆ ಸಿಕ್ಕಿಕೊಂಡ ಎಗ್ಲಾಂತೀನಿನ ತಳದಲ್ಲಿ ತಗಡು ಬಿಗಿದಿದ್ದ ಒಂದು ರಿವೆಟ್ಟು ಸಡಿಲವಾಗಿ, ಒಲೆಯ ಪಕ್ಕದಲ್ಲಿ ದಿನಕ್ಕೊಂದು ಲೋಟ ನೀರು ಒಸರತೊಡಗಿತು. ಆಶಿಲ್ ಎಲ್ಲಿಂದಲೋ ಅರ್ಧ ಚೀಲ ಸಿಮೆಂಟು ತಂದ. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮರಳಿನ ಜೊತೆ ಅದನ್ನು ಕಲಸಿಕೊಟ್ಟವಳು ಜೇಲಿಯಮ್ಮ. ಊಟದ ತಟ್ಟೆಯಷ್ಟು ಅಗಲಕ್ಕೆ ಹಚ್ಚಿ, ಒಣಗಿದ ಮೇಲೆ ಡಾಂಬರು ಬಳಿದರು. “ಬೇಸಿಗೆಗೆ ಕಟ್ಟೆಗೆ ಹೋಗಿ ಸರಿಯಾಗಿ ತಗಡು ಹೊಡೆಸೋಣ” ಎಂದ ಆಶಿಲ್.

ಬೇಸಿಗೆ ಬಂತು, ಗೋಧಿಯೂ ಬಂತು. ಆಗೆಲ್ಲ ಸರಕು ಸಿಗುತ್ತಿದ್ದದ್ದು ಸರತಿಯ ಮೇಲೆ. ಕಾಂಬ್ರೆಯ ಕಚೇರಿಯ ಕರಿಹಲಗೆಯಲ್ಲಿ ದೋಣಿಗಳ ಹೆಸರು ಸಾಲಾಗಿ ಬರೆದಿರುತ್ತಿತ್ತು, ಮೇಲಿನವನಿಗೆ ಮೊದಲ ಸರಕು. ರಿಪೇರಿಗೆ ಹೋದವನ ಹೆಸರು ಅಳಿಸಿ ಕೆಳಗೆ ಬರೆಯುತ್ತಿದ್ದರು, ಮತ್ತೆ ಮೇಲೇರಲು ಮೂರು ವಾರ ಬೇಕು. ಈ ಸರತಿ ಆಗಲಿ, ಮುಂದಿನ ಸರತಿ ಆಗಲಿ ಎಂದು ಆಶಿಲ್ ಮೂವತ್ತು ವರ್ಷ ನೂಕಿದ. ಹೊಸದಾಗಿ ಒಸರಿದ ಕಡೆಗೆಲ್ಲ ಹೊಸದಾಗಿ ಸಿಮೆಂಟು. ತಟ್ಟೆಯಷ್ಟಿದ್ದದ್ದು ತೊಟ್ಟಿಲಿನಷ್ಟಾಯಿತು. ಸಿಮೆಂಟು ನೀರನ್ನು ತಡೆಯುತ್ತದೆ, ನಿಜ. ಅದರ ಜೊತೆಗೇ ತೇವವನ್ನು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ. ಮೇಲೆ ಕಲ್ಲು, ಕೆಳಗೆ ತುಕ್ಕಿನ ಹಾಳೆ. ಇದು ಪ್ರತಿಯೊಬ್ಬ ದೋಣಿಯವನಿಗೂ ಗೊತ್ತಿರುವ ಸಂಗತಿ, ಪ್ರತಿಯೊಬ್ಬನೂ ತನ್ನ ದೋಣಿಗೆ ಮಾತ್ರ ಹಾಗಾಗುವುದಿಲ್ಲ ಎಂದುಕೊಂಡಿರುತ್ತಾನೆ. ಕಟ್ಟೆಗೆ ಹತ್ತಿಸಲೇಬೇಕಾಗಿ ಬಂದಾಗ, ದಿಮ್ಮಿ ಇಡುವವನಿಗೆ ಆಶಿಲ್ ಒಂದು ಬಾಟಲಿ ಜುನಿಪರ್ ಸಾರಾಯಿ ಕೊಡುತ್ತಿದ್ದ, ದಿಮ್ಮಿ ಸರಿಯಾಗಿ ಆ ಜಾಗದ ಕೆಳಗೇ ಬರುವಂತೆ. ಹೋದ ವಾರ ಆ ಬಾಟಲಿ ಕೊಟ್ಟವಳು ಜೇಲಿಯಮ್ಮ. ಗಂಡನಿಂದ ಕಲಿತ ಕೆಲಸ ಎಂದು ನಾನು ಅವಳ ಪರ ವಾದಿಸುವುದಿಲ್ಲ. ಗೊತ್ತಿದ್ದೇ ಕೊಟ್ಟಳು.

ಭಾನುವಾರ ಬೆಳಿಗ್ಗೆ ಲೀಲ್‌ನಿಂದ ಬಂದವರು ಹದಿನೆಂಟು ಜನ, ಅಂಚೆ ಇಲಾಖೆಯಿಂದ ನಿವೃತ್ತರಾದವರ ಸಂಘ. ಜೀವಮಾನವಿಡೀ ಪತ್ರಗಳನ್ನು ಅವಸರದಲ್ಲಿ ಮುಟ್ಟಿಸಿದವರಿಗೆ ಈಗ ನಿಧಾನ ಬೇಕಾಗಿತ್ತು. ಬೆರ್ತ್ರಾನ್ ಕೈಕೈಗೆ ಗ್ಲಾಸು ಕೊಟ್ಟ. ಬಿಸಿಲಿತ್ತು, ಪಾಪ್ಲರ್ ಮರಗಳ ನೆರಳು ನೀರಿನ ಮೇಲೆ ಬಿದ್ದಿತ್ತು. ದಡದಲ್ಲಿ ನಾಯಿ ಕಟ್ಟಿಕೊಂಡು ನಡೆಯುತ್ತಿದ್ದ ಮುದುಕ ದೋಣಿಯನ್ನು ಹಿಂದೆ ಹಾಕಿ ಹೋದ. ಅದಕ್ಕೂ ಇವರು ಚಪ್ಪಾಳೆ ತಟ್ಟಿದರು. ಹೀಗೆ ಬಿಸಿಲಲ್ಲಿ ಸುಮ್ಮನೆ ಕೂತು ಹೋಗುವುದು ಒಂದು ಸುಖ ಎಂದು ಜೇಲಿಯಮ್ಮನಿಗೆ ಗೊತ್ತಾದದ್ದೇ ಈ ಮೂರು ವರ್ಷದಲ್ಲಿ, ಅದೂ ಬೇರೆಯವರು ಕೂತದ್ದನ್ನು ನೋಡಿ. ಆಶಿಲ್ ಇದ್ದಾಗ ಊಟವನ್ನೂ ಚುಕ್ಕಾಣಿಯ ಚಕ್ರದ ಹತ್ತಿರ ನಿಂತೇ ಮಾಡುತ್ತಿದ್ದರು.

ಹುಲ್ಲಿನ ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ಚುಕ್ಕಾಣಿಯ ಗೂಡಿನ ಬಾಗಿಲಿಗೆ ಒರಗಿ ಕೇಳಿದಳು. “ಎಷ್ಟು ಚೆನ್ನಾಗಿದೆ ರೀ ನಿಮ್ಮ ಜೀವನ. ಯಾವಾಗ್ಲೂ ರಜಾ ಇದ್ದ ಹಾಗೆ. ಮತ್ತೆ ನೀವು ರಜಾಕ್ಕೆ ಎಲ್ಲಿಗೆ ಹೋಗ್ತೀರಿ?”

“ದಡಕ್ಕೆ ಹೋಗಿ ನಿಂತ್ಕೊಂಡು ದೋಣಿ ನೋಡ್ತೀನಿ” ಎಂದಳು ಜೇಲಿಯಮ್ಮ. ಟೋಪಿಯವಳು ಅದನ್ನು ನಿಜವೆಂದೇ ತಿಳಿದು ತಲೆದೂಗಿದಳು.

ಮೊದಲ ಲಾಕು ಬಂತು. ಅದು ಎರಡು ಕಡೆ ಬಾಗಿಲಿರುವ ಕಲ್ಲಿನ ಗುಂಡಿ, ದೋಣಿ ಒಳಗೆ ಬಂದ ಮೇಲೆ ನೀರು ತುಂಬಿ ಮೇಲಿನ ಮಟ್ಟಕ್ಕೆ ಎತ್ತುತ್ತದೆ. ಬಾಗಿಲು ತೆಗೆಯುವವನು ಎದ್ಮೊಂ. ಮೊದಲು ಲಾಕಿಗೊಬ್ಬ ಕಾವಲಿನವನಿದ್ದ. ಈಗ ಈ ಸಾಲಿಗೆಲ್ಲ ಇವನೊಬ್ಬನೇ. ದೋಣಿ ಹೊರಟ ಮೇಲೆ ಮೊಪೆಡ್ಡು ಏರಿ ದಡದುದ್ದಕ್ಕೂ ಡುಗುಡುಗು ಎನ್ನುತ್ತಾ ಮುಂದಿನ ಲಾಕಿಗೆ ಹೋಗಿ ಕಾಯುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಜೇಲಿಯಮ್ಮನ ಹಗ್ಗ ಹಿಡಿದವನು.

“ಏ ಎಗ್ಲಾಂತೀನ್, ಇವತ್ತು ಯಾರ ದಿಬ್ಬಣ?” ಎಂದು ಮೇಲಿನಿಂದ ಕೂಗಿದ.

“ನಿಂದೇ. ಹೆಣ್ಣು ಒಳಗೆ ಕೂತಿದಾಳೆ, ಹುಲ್ಲಿನ ಟೋಪಿ ಹಾಕ್ಕೊಂಡು. ಹಗ್ಗ ಹಿಡಿ ಮೊದಲು.”

“ಬೇಡಮ್ಮಾ. ಮುಂದಿನ ವರ್ಷ ನನಗೇ ಕೆಲಸ ಇರಲ್ಲ. ಕೆಂಪು ದೀಪ ಹಸಿರು ದೀಪ ಹಾಕ್ತಾರಂತೆ, ಬಾಗಿಲು ತಾನೇ ತೆಗೀತದಂತೆ. ಹೆಣ್ಣಿಗೇನು ಹಾಕ್ಲಿ, ಮೊಪೆಡ್ಡಿನ ಪೆಟ್ರೋಲಾ?” ಎನ್ನುತ್ತಾ ಹಗ್ಗವನ್ನು ಗೂಟಕ್ಕೆ ಸುತ್ತಿದ. ಆಮೇಲೆ ಬಗ್ಗಿ, ದನಿ ಇಳಿಸಿ ಕೇಳಿದ. “ಸುತ್ತಿಗೆಯವನು ಬಂದಿದಾನಾ?”

“ಕೆಳಗಿದಾನೆ.”

ಎದ್ಮೊಂ ಬಾಗಿಲು ಮುಚ್ಚಲು ಹೋದ. ಅವನಿಗೆ ಸಿಮೆಂಟಿನ ವಿಷಯ ಗೊತ್ತಿರಲಿಲ್ಲ, ಆದರೆ ಯಾವ ಹಳೆಯ ದೋಣಿಯ ತಳವೂ ಪೂರ್ತಿ ಶುದ್ಧವಲ್ಲ ಎನ್ನುವುದು ಗೊತ್ತಿತ್ತು.

ಪ್ರೊವಿಲ್ ಊರು ದಾಟುವಾಗ ಜೇಲಿಯಮ್ಮನ ಅಂಗಾಲಿಗೆ ಸುತ್ತಿಗೆಯ ಸದ್ದು ತಾಕತೊಡಗಿತು. ಕಿವಿಗಲ್ಲ, ಅಂಗಾಲಿಗೇ. ಟಣ್, ಟಣ್ ಎನ್ನುವುದು ಮುಂಭಾಗದ ಗಟ್ಟಿ ತಗಡು. ಮೊದಲ ದಿಮ್ಮಿಯ ಜಾಗ ಮುಗಿಯಿತು. ಸದ್ದು ಹಿಂದಕ್ಕೆ ಬಂತು, ಯಂತ್ರದ ಕೋಣೆ ದಾಟಿತು. ಟೋಪಿಯವಳು ಕೊಕ್ಕರೆಯನ್ನು ತೋರಿಸಿ ಏನೋ ಹೇಳುತ್ತಿದ್ದಳು, ಜೇಲಿಯಮ್ಮ ಹೂಂ ಎಂದಳು. ಸದ್ದು ಅವಳ ಮಂಚದ ಅಡಿಗೆ ಬಂದು, ಒಲೆಯ ಹತ್ತಿರ ಬಂದು, ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಲೊರಿದಾನ್ ಮೆಟ್ಟಿಲು ಹತ್ತಿ ಬಂದ, ಮಂಡಿ ಹಿಡಿದುಕೊಂಡು. “ಒಲೆ ಪಕ್ಕ ಕಲ್ಲಿದ್ದಲ ಪೆಟ್ಟಿಗೆ ಇದೆಯಲ್ಲಮ್ಮಾ. ತುಂಬಿದೆ. ನನ್ನ ಕೈಲಿ ಅಲ್ಲಾಡ್ಲಿಲ್ಲ.”

“ಮೊನ್ನೆ ತಾನೇ ತುಂಬಿಸಿದೆ. ಚಳಿಗಾಲ ಬಂತಲ್ಲ.”

ಅವನು ಅವಳ ಮುಖ ನೋಡಿದ. ಆಮೇಲೆ, ಹಳೆಯ ಇನ್ಸ್‌ಪೆಕ್ಟರುಗಳು ಮಾಡುತ್ತಿದ್ದ ಹಾಗೆ, ಗೂಡಿನ ಕಬ್ಬಿಣದ ಗೋಡೆಯ ಮೇಲೆ ಅಂಗೈ ಊರಿದ. ಈ ಪದ್ಧತಿ ಈಗಿನ ಹುಡುಗರಿಗೆ ಗೊತ್ತಿಲ್ಲ. ಯಂತ್ರ ಇಲ್ಲದ ಕಾಲದಲ್ಲಿ ಸುತ್ತಿಗೆ ಮುಟ್ಟದ ಜಾಗವನ್ನು ಬಾಯಿಮಾತಿನಲ್ಲಿ ಕೇಳಿ ನಂಬುತ್ತಿದ್ದರು. ದೋಣಿಯ ಮೇಲೆ ಕೈಯಿಟ್ಟು, ದೋಣಿಯ ಹೆಸರು ಹಿಡಿದು, ದೋಣಿಯ ಹೆಂಗಸನ್ನೇ ಕೇಳುತ್ತಿದ್ದರು, ಏಕೆಂದರೆ ತಳದ ಮೇಲೆ ಮಕ್ಕಳನ್ನು ಮಲಗಿಸುವವಳು ಅವಳು. ಆ ಮಾತಿಗೆ ಸುಳ್ಳು ಹೇಳಿದ ಒಂದು ಕುಟುಂಬದ ಜೊತೆ ಜೇಲಿಯಮ್ಮನ ಅಪ್ಪ ಸಾಯುವ ತನಕ ಮಾತು ಬಿಟ್ಟಿದ್ದ.

“ಎಗ್ಲಾಂತೀನ್, ತಳ ಗಟ್ಟಿಯಾಗಿದೆಯಾ?” ಎಂದು ಕೇಳಿದ ಲೊರಿದಾನ್.

“ಗಟ್ಟಿಯಾಗಿದೆ” ಎಂದಳು ಜೇಲಿಯಮ್ಮ, ಕಾಲುವೆಯಿಂದ ಕಣ್ಣು ತೆಗೆಯದೆ.

“ಸರಿ ಹಾಗಾದ್ರೆ. ಸಂಜೆ ಮಾರ್ಕ್ವಾನಲ್ಲಿ ಸೀಲು ಒತ್ತಿ ಕೊಟ್ಟುಬಿಡ್ತೀನಿ. ಆಶಿಲ್ ಚೆನ್ನಾಗಿ ನೋಡ್ಕೊಂಡಿದ್ದ ಕಣಮ್ಮಾ. ಇಂಥ ದೋಣಿಗಳು ಈಗಿಲ್ಲ.”

ಅವನು ಮೇಜಿಗೆ ಹೋಗಿ ಒಂದು ಬಿಯರ್ ತೆಗೆದುಕೊಂಡು ದಡ ನೋಡುತ್ತಾ ಕೂತ. ಜೇಲಿಯಮ್ಮನಿಗೆ ನಾಚಿಕೆಯಾಯಿತು, ಇಲ್ಲವೆನ್ನಲಾರೆ. ಆದರೆ ನಾಚಿಕೆಗಿಂತ ಸಂತೋಷ ಜಾಸ್ತಿ ಇತ್ತು. ಹತ್ತು ವರ್ಷ. ಇದೇ ಮಂಚ, ಇದೇ ಒಲೆ, ಬೆಳಿಗ್ಗೆ ಎದ್ದರೆ ಕಿಟಕಿಯ ಮಟ್ಟಕ್ಕೆ ಬಾತುಕೋಳಿ. ಈ ಕಾಲುವೆಯ ಆಳವಾದರೂ ಎಷ್ಟು, ಎರಡು ಮೀಟರ್ ಚಿಲ್ಲರೆ. ಮುಳುಗಿದರೂ ಕೆಸರಿನ ಮೇಲೆ ಕೂರುತ್ತದೆ, ಮೇಜಿನ ಮೇಲೆ ಹತ್ತಿ ನಿಂತರೆ ಸೊಂಟವೂ ನೆನೆಯುವುದಿಲ್ಲ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು, ಅದರಲ್ಲಿ ಸುಳ್ಳೂ ಇರಲಿಲ್ಲ.

ನೊಯೆಲ್‌ನ ಲಾಕಿನ ಮೇಲ್ಗಡೆ ಹುಲ್ಲುದಡಕ್ಕೆ ದೋಣಿ ಕಟ್ಟಿ ಊಟ. ಘಾಟು ಚೀಸಿನ ಬಿಸಿ ಟಾರ್ಟು, ಬಿಯರಿನಲ್ಲಿ ಬೆಂದ ದನದ ಮಾಂಸ, ಹುರಿದ ಆಲೂಗಡ್ಡೆ, ಕೊನೆಗೆ ಚಿಕೋರಿ ಹಾಕಿದ ಕಾಫಿ. ಯಾವಾಗಲೂ ಅಡುಗೆಮನೆಯಲ್ಲಿ ನಿಂತು ತಿನ್ನುವ ಜೇಲಿಯಮ್ಮ ಆವತ್ತು ಮೇಜಿಗೆ ಬಂದು ಕೂತಳು. ಎದ್ಮೊಂನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಎರಡು ಸಲ ಹಾಕಿಸಿಕೊಂಡಳು. ಅಂಚೆಯವರಿಗೆ ಅರವತ್ತಮೂರರ ಹಿಮದ ಕತೆ ಹೇಳಿದಳು. ಹೇಗೆ ದೋಣಿಯಿಂದ ದೋಣಿಗೆ ಮಂಜುಗಡ್ಡೆಯ ಮೇಲೆ ನಡೆದು ಹೋಗಿ ಸೂಪು ಹಂಚಿಕೊಂಡರು, ಹೇಗೆ ಆಶಿಲ್ ಒಲೆಯ ಬೂದಿ ಚೆಲ್ಲಲು ಹೋಗಿ ಜಾರಿ ಬಿದ್ದು ನಲವತ್ತು ಮೀಟರ್ ಕೂತುಕೊಂಡೇ ಹೋದ. ಸಿಮೆಂಟಿನ ಭಾಗ ಬಿಟ್ಟು ಎಲ್ಲ ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೂರು ವರ್ಷದಲ್ಲಿ ಅವಳು ಅಷ್ಟು ನಕ್ಕದ್ದನ್ನು ಎದ್ಮೊಂ ನೋಡಿರಲಿಲ್ಲ.

ಆ ಹೊತ್ತಿನಲ್ಲಿ ಬೆರ್ತ್ರಾನ್ ಮೇಜಿನಲ್ಲಿ ಇರಲಿಲ್ಲ. ದೋಣಿಯ ಮೂಗಿನ ಹತ್ತಿರ ನಿಂತು ಕೈಫೋನಿನಲ್ಲಿ ಮಾತಾಡುತ್ತಿದ್ದ. ಮತ್ತೆ ಹೊರಟು ಸ್ವಲ್ಪ ದೂರ ಹೋದ ಮೇಲೆ ಗೂಡಿಗೆ ಬಂದು ಬಾಗಿಲು ಹಾಕಿಕೊಂಡ.

“ಜೇಲಿಯಮ್ಮ, ಒಂದು ವಿಷಯ ಹೇಳ್ಬೇಕು. ನೀವು ಬೇಜಾರು ಮಾಡ್ಕೋಬಾರ್ದು.”

“ಹೇಳು.”

“ಲಿಯೋನ್‌ನವರೊಬ್ರು ದೋಣಿ ಕೇಳಿದ್ರು, ಎರಡು ತಿಂಗಳಿಂದ. ರೋನ್ ನದೀಲಿ ರಾತ್ರಿ ಊಟದ ದೋಣಿ ಮಾಡ್ತಾರಂತೆ. ನೂರಿಪ್ಪತ್ತು ಜನ ಕೂರೋ ಹಾಗೆ. ಸರ್ಟಿಫಿಕೇಟು ಬಂದ್ರೆ ತಗೋತೀವಿ ಅಂದಿದ್ರು. ಈಗ ಬಂದ ಹಾಗೇ ಆಯ್ತಲ್ಲ, ಹೂಂ ಅಂದ್ಬಿಟ್ಟೆ.”

ಜೇಲಿಯಮ್ಮ ಎದುರಿನ ಸೇತುವೆಯ ಕಮಾನಿಗೆ ದೋಣಿಯನ್ನು ನೇರ ಮಾಡಿದಳು. ಎರಡೂ ಬದಿಗೆ ಒಂದು ಮೊಳ ಜಾಗ, ಆ ಹೊತ್ತಿನಲ್ಲಿ ಮಾತಾಡುವ ಹಾಗಿಲ್ಲ. ಸೇತುವೆ ದಾಟಿದ ಮೇಲೆ ಕೇಳಿದಳು. “ದೋಣಿ ಓಡೋ ತನಕ ಕೋಣೆ ನಂದು ಅಂದಿದ್ದೆ.”

“ಇಲ್ಲಿ ಓಡೋ ತನಕ ಅಂತ ತಾನೇ ಅರ್ಥ? ನನಗೂ ಇಲ್ಲಿ ಏನೂ ಗಿಟ್ತಿಲ್ಲಮ್ಮಾ. ವಾರಕ್ಕೆ ಹದಿನೆಂಟು ಜನ. ಅವರಿಗೆ ಆ ಕೋಣೆ ಬೇಕಂತೆ, ವೈನಿನ ಬಾಟಲಿ ಇಡೋದಕ್ಕೆ. ತಿಂಗಳ ಕೊನೇವರೆಗೂ ಇರಿ ನೀವು, ಯಾರು ಬೇಡ ಅಂದ್ರು.”

ಒಂದು ಮಾತು ಹೇಳಬೇಕು. ಬೆರ್ತ್ರಾನ್ ರಾಕ್ಷಸನಲ್ಲ. ಚಳಿಗಾಲದಲ್ಲಿ ಅವಳಿಗೆ ಔಷಧಿ ತಂದುಕೊಟ್ಟವನು, ಆಶಿಲನ ಗೋರಿಗೆ ಹೂವು ಇಟ್ಟವನು. ಅವನಿಗೆ ದೋಣಿ ಒಂದು ವ್ಯಾಪಾರ, ಅಷ್ಟೇ. ರಾಕ್ಷಸನಾಗಿದ್ದರೆ ಜೇಲಿಯಮ್ಮ ಮೊದಲೇ ಹುಷಾರಾಗಿರುತ್ತಿದ್ದಳೋ ಏನೋ.

ಅವನು ಹೋದ ಮೇಲೆ ಅವಳಿಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳಿದ್ದು ತಾನು, ಅದರ ಫಲ ಇವನಿಗೆ. ಅಪ್ಪನ ಮುಂದೆ ನಿಂತು ಹೇಳಲಾಗದ ಮಾತನ್ನು ಹೇಳಿ ಆ ಕೋಣೆ ಉಳಿಸಿಕೊಂಡೆನೆಂದು ನಕ್ಕಿದ್ದೂ ಆಗಿತ್ತು. ಆಮೇಲೆ, ಪಾಪ್ಲರ್ ಸಾಲು ಮುಗಿದು ಬಯಲು ಬಂದಾಗ, ರೋನ್ ನೆನಪಾಯಿತು. ಯುದ್ಧಕ್ಕೆ ಮೊದಲು ಒಮ್ಮೆ ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದಳು. ಅದು ಕಾಲುವೆಯಲ್ಲ. ದೋಣಿಯನ್ನು ಹಿಡಿದು ಅಲುಗಾಡಿಸುವ ನೀರು, ಕಂದು ಬಣ್ಣದ್ದು, ತಳ ಎಲ್ಲಿದೆಯೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಕತ್ತಲಲ್ಲಿ ನೂರಿಪ್ಪತ್ತು ಜನ ಗ್ಲಾಸು ಹಿಡಿದು ಕೂತಿರುತ್ತಾರೆ. ಕೆಳಗೆ ಆಶಿಲನ ಸಿಮೆಂಟು, ಅದರ ಕೆಳಗೆ ಎಷ್ಟು ಕಬ್ಬಿಣ ಉಳಿದಿದೆಯೋ ದೇವರಿಗೇ ಗೊತ್ತು. ಕಲಸಿದ್ದು ತನ್ನ ಕೈ.

ಹೇಳಿದರೂ ದೋಣಿ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಹೇಳದಿದ್ದರೆ ಎಲ್ಲೋ ಒಂದು ಕಡೆ ಎಗ್ಲಾಂತೀನ್ ಎಂಬುದು ಓಡಾಡಿಕೊಂಡಾದರೂ ಇರುತ್ತದೆ, ಮೂಗಿನ ಮೇಲೆ ತಾನು ಬರೆದ ಗುಲಾಬಿಗಳೊಂದಿಗೆ. ಹೇಳಿದರೆ ಅದೂ ಇಲ್ಲ. ಮಾರ್ಕ್ವಾನಿನ ಲಾಕಿನೊಳಗೆ ದೋಣಿ ನುಗ್ಗಿಸುವ ತನಕ ಅವಳು ಇದನ್ನೇ ತಿರುವಿ ತಿರುವಿ ನೋಡಿದಳು. ಎಲ್ಲೂ ಒಂದು ಸಂದು ಕಾಣಲಿಲ್ಲ.

ಲಾಕು ದಾಟಿ ದಡಕ್ಕೆ ಕಟ್ಟಿದರು. ಐದು ಗಂಟೆಯ ಬಿಸಿಲು ಇನ್ನೂ ಇತ್ತು. ಅಂಚೆಯವರು ಒಬ್ಬೊಬ್ಬರೇ ಹಲಗೆಯ ಮೇಲೆ ಇಳಿದು ಬಸ್ಸಿನ ಕಡೆ ನಡೆದರು. ಟೋಪಿಯವಳು ಜೇಲಿಯಮ್ಮನ ಕೈ ಹಿಡಿದು, “ಮುಂದಿನ ವರ್ಷವೂ ಬರ್ತೀವಿ, ನೀವೇ ಇರ್ಬೇಕು” ಎಂದಳು. ಒಳಗೆ ಲೊರಿದಾನ್ ಮೇಜಿನ ಮೇಲೆ ಕಾಗದ ಹರಡಿ, ಕನ್ನಡಕ ಹಾಕಿಕೊಂಡು, ಸೀಲಿನ ಡಬ್ಬಿ ತೆರೆದಿದ್ದ. ಬೆರ್ತ್ರಾನ್ ಪಕ್ಕದಲ್ಲಿ ನಿಂತಿದ್ದ.

“ಲೊರಿದಾನ್ ಅವ್ರೇ, ಸೀಲು ಒತ್ತಬೇಡಿ. ಸುತ್ತಿಗೆ ತಗೊಂಡು ಬನ್ನಿ” ಎಂದಳು ಜೇಲಿಯಮ್ಮ.

ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ಕಲ್ಲಿದ್ದಲನ್ನು ಎರಡೂ ಕೈಯಲ್ಲಿ ತೆಗೆದು ನೆಲಕ್ಕೆ ಹಾಕತೊಡಗಿದಳು, ಆವತ್ತು ಬೆಳಿಗ್ಗೆ ತಾನೇ ಉಜ್ಜಿದ ನೆಲಕ್ಕೆ. ಅರ್ಧ ಖಾಲಿಯಾದ ಮೇಲೆ ಲೊರಿದಾನ್ ಒಂದು ಬದಿ ಹಿಡಿದ. ಇಬ್ಬರೂ ಸೇರಿ ಪೆಟ್ಟಿಗೆ ಸರಿಸಿದರು. ಅಡಿಯ ಹಲಗೆ ಎತ್ತಿದರು. ಕಪ್ಪು ಡಾಂಬರಿನ ಕೆಳಗೆ ಸಪಾಟಾದ ಒಂದು ಉಬ್ಬು.

“ಹೊಡೀರಿ” ಎಂದಳು.

ಮೊದಲ ಏಟಿಗೆ ದೊಪ್ ಎಂದಿತು. ಲೊರಿದಾನ್‌ನಂಥವನಿಗೆ ಅಷ್ಟು ಸದ್ದು ಸಾಕು, ಅವನ ಮುಖ ಕಪ್ಪಿಟ್ಟಿತು. ಎರಡನೆಯದಕ್ಕೆ ಡಾಂಬರು ಒಡೆದು ಬೂದುಬಣ್ಣ ಕಾಣಿಸಿತು. ನಾಲ್ಕನೆಯದಕ್ಕೆ ಒಂದು ಹೆಂಟೆ ಎದ್ದು ಬಂತು, ಅದರ ತಳಕ್ಕೆ ಅಂಟಿಕೊಂಡು ಕಬ್ಬಿಣವೂ ಬಂತು, ಒಣಗಿದ ಎಲೆಯ ಹಾಗೆ ಪದರ ಪದರವಾಗಿ. ಅಲ್ಲಿಂದ ಹೆಬ್ಬೆರಳು ಗಾತ್ರದ ನೀರು ಮೇಲೆದ್ದು ಒಲೆಯ ಹಿತ್ತಾಳೆಯ ಅಂಚನ್ನು ತೋಯಿಸಿತು. ಜೇಲಿಯಮ್ಮ ಮೊದಲೇ ಕೈಯಲ್ಲಿ ಹಿಡಿದಿದ್ದ ಮರದ ಬೆಣೆಗೆ ಬಟ್ಟೆ ಸುತ್ತಿ ತೂತಿಗೆ ಇಟ್ಟು, ಅವನ ಸುತ್ತಿಗೆ ತೆಗೆದುಕೊಂಡು ಎರಡು ಏಟು ಹಾಕಿದಳು. ನೀರು ನಿಂತಿತು.

ಬೆರ್ತ್ರಾನ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. “ಹೊಟ್ಟೆಕಿಚ್ಚಿಗೆ ಮಾಡಿದ್ದು ಇದು. ತನಗೆ ಇಲ್ಲದ್ದು ಯಾರಿಗೂ ಬೇಡ ಅಂತ” ಎಂದ. ಕಾಂಬ್ರೆಯಲ್ಲೂ ಹಾಗೆಯೇ ಹೇಳುವವರಿದ್ದಾರೆ. ಸಿಟ್ಟು ಇರಲಿಲ್ಲವೆಂದು ನಾನೂ ಹೇಳಲಾರೆ.

ಲೊರಿದಾನ್ ನೆಲದ ಮೇಲೆ, ಕಲ್ಲಿದ್ದಲ ನಡುವೆ ಕೂತುಬಿಟ್ಟಿದ್ದ. “ಬೆಳಿಗ್ಗೆ ಕೈಯಿಟ್ಟು ಕೇಳಿದ್ನಲ್ಲಮ್ಮಾ ನಿಮ್ಮನ್ನ” ಎಂದ.

“ಕೇಳಿದ್ರಿ.”

“ಮತ್ತೆ?”

“ಬೆಳಿಗ್ಗೆ ಇದರ ಮೇಲೆ ಮಲಗೋಳು ನಾನೊಬ್ಳೇ ಅಂದ್ಕೊಂಡಿದ್ದೆ” ಎಂದಳು ಜೇಲಿಯಮ್ಮ. ಆಮೇಲೆ ಪೊರಕೆ ತಂದು ಕಲ್ಲಿದ್ದಲನ್ನು ಗುಡಿಸಿ ಪೆಟ್ಟಿಗೆಗೆ ತುಂಬಿದಳು, ಇನ್ನು ಅದನ್ನು ಉರಿಸುವ ಚಳಿಗಾಲ ಇಲ್ಲವೆಂದು ಗೊತ್ತಿದ್ದೂ.

ಲೊರಿದಾನ್ ಹೊರಡುವ ಮೊದಲು ಗೂಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಅಡ್ಡಗೀಟು ಎಳೆದ. ಅವಳಿಗೆ ಕೈ ಕೊಡಲಿಲ್ಲ. ಅದು ಅವಳಿಗೆ ದೋಣಿ ಹೋದದ್ದಕ್ಕಿಂತ ಹೆಚ್ಚು ನೋವು ಮಾಡಿತೆಂದು ಎದ್ಮೊಂ ಹೇಳುತ್ತಾನೆ, ಅವನು ಹೇಳುವುದನ್ನೆಲ್ಲ ನಂಬುವ ಹಾಗಿಲ್ಲ.

ಬುಧವಾರ ಮಧ್ಯಾಹ್ನ ಎಳೆಯುವ ದೋಣಿ ಬಂತು. ಜೇಲಿಯಮ್ಮ ಲೇಸಿನ ಪರದೆ ಬಿಚ್ಚಿಕೊಂಡಿದ್ದಳು, ಹಿತ್ತಾಳೆ ಪೂರ್ತಿ ಉಜ್ಜಿದ್ದಳು. ಗುಜರಿಗೆ ಹೋಗುವ ಹಿತ್ತಾಳೆ ಯಾಕೆ ಉಜ್ಜುತ್ತೀಯ ಎಂದು ಎದ್ಮೊಂ ಕೇಳಿದ್ದಕ್ಕೆ, ಕೊಳಕು ಹೆಂಗಸು ಅನ್ನಿಸಿಕೊಳ್ಳುವುದು ಬೇಡ ಎಂದಳಂತೆ. ಎಂಜಿನ್ನಿನ ಸದ್ದಿಲ್ಲದೆ, ಚುಕ್ಕಾಣಿಯಲ್ಲಿ ಯಾರೂ ಇಲ್ಲದೆ ಎಗ್ಲಾಂತೀನ್ ಲಾಕಿನೊಳಗೆ ಹೋಯಿತು. ನೀರು ಇಳಿದಂತೆ ಹೆಸರೂ ಗುಲಾಬಿಗಳೂ ಕಲ್ಲಿನ ಗೋಡೆಯ ಕೆಳಗೆ ಇಳಿದು ಕಾಣದಾದವು. ಎದ್ಮೊಂ ಕೆಳಬಾಗಿಲು ತೆಗೆದ, ಮತ್ತೆ ಮುಚ್ಚಿದ.

ದಡದ ರಸ್ತೆಯಲ್ಲಿ ಅಕ್ಕನ ಮಗಳ ಕಾರು ನಿಂತಿತ್ತು. ಎದ್ಮೊಂ ಕೈ ಒರೆಸಿಕೊಂಡು ಬಂದು ಸೂಟ್‌ಕೇಸು ಎತ್ತಿ ಡಿಕ್ಕಿಗಿಟ್ಟ. ಏನಾದರೂ ತಮಾಷೆ ಮಾಡಬೇಕೆಂದುಕೊಂಡ, ಹೊಳೆಯಲಿಲ್ಲ. ಜೇಲಿಯಮ್ಮ ಕಾರಿನ ಬಾಗಿಲಿನ ಕಡೆ ನಡೆಯುತ್ತಿದ್ದಳು, ಗಟ್ಟಿ ನೆಲದ ಮೇಲೆ ಕಾಲು ಸ್ವಲ್ಪ ಅಗಲಿಸಿ, ನೀರಿನವರು ನಡೆಯುವ ಹಾಗೆ. ಅವಳನ್ನು ಕರೆಯಬೇಕೆಂದು ಬಾಯಿ ತೆರೆದವನಿಗೆ ಇಪ್ಪತ್ತೆಂಟು ವರ್ಷದಿಂದ ಕೂಗಿದ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಆ ಹೆಸರಿನದು ಈಗಷ್ಟೇ ಕೆಳಗಿನ ತಿರುವು ದಾಟಿ ಹೋಗಿತ್ತು. ಜೇಲಿಯಮ್ಮ ಎಂದು ಅವನು ಕರೆದವನಲ್ಲ, ಅವಳ ಮನೆತನದ ಹೆಸರು ಅವನಿಗೆ ಗೊತ್ತಿರಲಿಲ್ಲ, ಯಾವತ್ತೂ ಬೇಕಾಗಿರಲಿಲ್ಲ.

“ಹೋಗಿ ಬನ್ನಿ, ಮೇಡಂ” ಎಂದ.

ಬೇರೆ ಯಾರಿಗೋ ಹೇಳಿದನೆಂದುಕೊಂಡು ಅವಳು ತಿರುಗಿ ನೋಡಲಿಲ್ಲ.